ಹಿಂದುಳಿದದ್ದು

ಬೀದರದಾಗ ಒಂದು ಮಷೀನು, ಕಲಬುರಗಿಯೊಳಗ ಇನ್ನೊಂದು.
ಇಲ್ಲಿ ಬರೆದದ್ದು ಅಲ್ಲೂ ಮೂಡಬೇಕು,
ಇಲ್ಲಿ ಅಳಿಸಿದ್ದು ಅಲ್ಲೂ ಅಳೀಬೇಕು.
ಇಷ್ಟೇ ಕೆಲಸ. ಇಷ್ಟಕ್ಕೇ ನನಗ ಪಗಾರ.

ಸಣ್ಣ ಪತ್ರಿಕೆ. ತೊಗರಿ ಧಾರಣಿ, ನಿಧನ ವಾರ್ತೆ,
ಔರಾದ ಬಸ್ಸಿನ ಬದಲಾದ ವ್ಯಾಳ್ಯಾ,
ಹದಿನೆಂಟು ವರ್ಷದ್ದೆಲ್ಲಾ ಡೇಟಾಬೇಸಿನೊಳಗ
ಸಾಲು ಹಿಡದು ಮಲಗ್ಯದ.
"ಎರಡ್ಯಾಕ ಜಗದೇವಿ, ಒಂದು ಸಾಲ್ದೇನು?"
ಅಂದಿದ್ರು ಸಂಪಾದಕ ಮಾಣಿಕರಾವ್.
ನೌಬಾದಿಗಿ ಕರಕೊಂಡು ಹೋಗಿ ಸುರಂಗ ಬಾವಿ ತೋರಿಸಿದೆ:
ನೀರು ನೆಲದೊಳಗ ಹರೀತದ, ಕಾಣೂದಿಲ್ಲ,
ಅಲ್ಲಲ್ಲಿ ಬಾಯಿ ತೆಗದಾರ
ಬಗ್ಗಿ ನೋಡ್ಲಿಕ್ಕ, ಹೂಳು ಎತ್ಲಿಕ್ಕ.
ನಾನೂ ದಿನಾ ಬಗ್ಗಿ ನೋಡೂದು ಒಂದೇ ಅಂಕಿ:
ಕಲಬುರಗಿ ಎಷ್ಟು ಸೆಕೆಂಡ್ ಹಿಂದ?
ಸೊನ್ನೆ ಇದ್ರ ಚಹಾ.

ಆವತ್ತು ಚಹಾ ಇಲ್ಲ.
ಹುಮನಾಬಾದ ಹತ್ರ ಜೆಸಿಬಿ ಹಲ್ಲಿಗಿ
ಕೇಬಲ್ ಸಿಕ್ಕು ತುಂಡಾಗಿತ್ತು.
ಮುಂಜಾನಿಂದ ಐದು ಸಲ ಧೂಳಪ್ಪಗ ಫೋನು:
ಜೋಡಿಸೋ ಮಾರಾಯ, ಲಗೂ ಜೋಡಿಸು.
ತೆಗ್ಗಿನಾಗ ಕುಂತು ಅವ
ಗಾಜಿನ ಎಳಿ ಒಂದೊಂದೇ ಕೂಡಸ್ತಿದ್ದ.

ನಾಕು ಗಂಟೆಕ್ಕ ಇಮ್ತಿಯಾಜ್ ಎದುರು ಬಂದು ನಿಂತ,
ಕೆಲಸಕ್ಕ ಸೇರಿ ಒಂಬತ್ತು ದಿನ.
ಕಸ ತೆಗೀಲಿಕ್ಕ ಹೋಗಿ
ನಿಧನ ವಾರ್ತೆ ವಿಭಾಗ ಪೂರಾ ಅಳಿಸಿದ್ದ.
ಎಂಟು ಸಾವಿರ ಮಂದಿ, ಫೋಟೋ ಸಹಿತ.
ಹುಡುಗನ ತುಟಿ ಒಣಗಿತ್ತು.
ಬ್ಯಾಕಪ್ ತೆಗದು ನೋಡಿದ್ರ ಮೂರು ವಾರದ ಹಳೇದು.
ಅದು ನನ್ನ ತಪ್ಪು, ಇಲ್ಲಿ ಬರದಿಟ್ಟೀನಿ.

ಪ್ರತಿ ಅನ್ನೂದು ಭಾಳ ವಿಧೇಯ,
ಯಾಕ ಅಂತ ಕೇಳೂದಿಲ್ಲ.
ಎಳಿ ಕೂಡಿದ ಕ್ಷಣಕ್ಕ
ಅಳಿಸು ಅನ್ನೋ ಮಾತೂ ಹರಕೊಂಡು ಹೋಗ್ತದ.

ಆರನೇ ಫೋನು: "ಧೂಳಪ್ಪಾ, ಜೋಡಿಸಬ್ಯಾಡ!"
"ಅಕ್ಕಾ, ಒಂದೇ ಎಳಿ ಉಳದದ."
"ಅದನ್ನ ಹಿಡಕೊಂಡೇ ಕೂಡು."
ನಕ್ಕನೋ ಬೈದನೋ, ಗಾಳಿಯೊಳಗ ಕೇಳಲಿಲ್ಲ.

ಕಲಬುರಗಿ ಆಫೀಸಿನಾಗ ಆ ಹೊತ್ತಿಗಿ
ಪ್ರೂಫ್ ನೋಡೋ ಗುಂಡೇರಾವ್ ಕಾಕಾ ಒಬ್ಬರೇ.
ಒಂದೊಂದೇ ಅಕ್ಷರ ಹೇಳಿದೆ, ಅವರು ಒತ್ತಿದ್ರು.
ಎಸ್. ಟಿ. ಓ. ಪಿ.
ಮೂವತ್ತು ವರ್ಷ ಕಾಟು ಹೊಡದ ಬೆರಳು,
ಉಳಿಸ್ಲಿಕ್ಕ ಒತ್ತಿದ್ದು ಇದೇ ಮೊದಲು ಅಂದ್ರು ಆಮ್ಯಾಲ.
"ಕಡೀಗಿ ಅರ್ಧವಿರಾಮ ಹಾಕಲೇನವ್ವಾ?"
ಹಾಕ್ರಿ ಕಾಕಾ. ಅದಿಲ್ದ ನಡೆಯೂದಿಲ್ಲ.

ಆಮ್ಯಾಲ ಕೇಬಲ್ ಕೂಡಿತು.
ಸತ್ತವರನ್ನ ಕಲಬುರಗಿಂದ ವಾಪಸ್ ತರಲಿಕ್ಕ
ರಾತ್ರಿ ಎರಡೂವರಿ ಆಯಿತು.
ಇಮ್ತಿಯಾಜ್ ಮನಿಗಿ ಹೋಗಲಿಲ್ಲ,
ಹೆಸರು ಹೆಸರು ಓದಿ ತಾಳಿ ನೋಡಿದ.

ಈಗ ಮೂರನೇ ಮಷೀನು ಇಟ್ಟೀನಿ,
ಬೇಕಂತಲೇ ಆರು ತಾಸು ಹಿಂದ.
ಮಾಣಿಕರಾವ್ ಇಣುಕಿ ನೋಡಿ,
"ಇದ್ಯಾಕ ಹಿಂದುಳದದ?"
ಹಿಂದುಳಿದ. ಆ ಶಬ್ದ
ನಮ್ಮ ಜಿಲ್ಲಾದ ಹೆಸರಿನ ಹಿಂದ ಮುಂದ
ನಮ್ಮದೇ ಪತ್ರಿಕೆ ಎಷ್ಟು ಸಲ ಬರದದ ಅಂತ ಹುಡುಕಿಸಿದೆ:
ನಾಕು ಸಾವಿರದ ಇನ್ನೂರ ಹನ್ನೆರಡು.
ಮೂರೂ ಮಷೀನಿನಾಗ ಅಷ್ಟೇ ಬಂತು.

ದಿನಾ ಮುಂಜಾನಿ ಎರಡು ಅಂಕಿ ನೋಡ್ತೀನಿ:
ಒಂದು ಸೊನ್ನೆ ಇರಬೇಕು,
ಇನ್ನೊಂದು ಸೊನ್ನೆ ಆಗಬಾರದು.
ಧೂಳಪ್ಪನ ಬಿಲ್ಲು ಇನ್ನೂ ಪಾಸಾಗಿಲ್ಲ.