ಮಾದರಿ ತೆಗೆಯುವ ಕ್ರಮ

ಮೊದಲು ಮೇಲಿನ ಕಸಕಡ್ಡಿ ಸರಿಸಬೇಕು.
ಆಮೇಲೆ ವಿ ಆಕಾರದ ಗುಂಡಿ, ಒಂದು ಗೇಣು ಆಳ.
ಅದರ ಬದಿಯಿಂದ ನೀರುದೋಸೆಯಷ್ಟು ತೆಳ್ಳಗೆ
ಮೇಲಿಂದ ತಳದವರೆಗೆ ಕೆರೆದ ಮಣ್ಣು.
ಎಕರೆಗೆ ಎಂಟು ಹತ್ತು ಕಡೆ, ಹಾವು ಹರಿದ ಹಾಗೆ.

ನಾಲ್ಕನೇ ವರ್ಷ. ಶಿವಮೊಗ್ಗದಿಂದ ನಮ್ಮನ್ನು
ಹಳ್ಳಿಗಳಿಗೆ ಹಂಚಿದ್ದಾರೆ, ಹಸಿರು ಟೋಪಿ ಕೊಟ್ಟು.
ನನ್ನ ಪಾಲಿಗೆ ಶಂಕರಪುರ,
ಪಡುಕೆರೆಯ ನಮ್ಮ ಮನೆಗೆ ಬರೀ ಎರಡು ಬಸ್ಸು.

ಲಿಲ್ಲಿಬಾಯಿಯ ಮಲ್ಲಿಗೆ ತೋಟದಲ್ಲಿ
ಶರಣಬಸವ ಅಗೆದ, ನಾನು ಗೋಣಿ ಹಾಸಿದೆ.
‘ಪರೀಕ್ಷೆ ಎಲ್ಲ ಸರಿ ಮಗಾ,
ಅಟ್ಟಿಗೆ ಇವತ್ತಿನ ರೇಟು
ಯಾವ ಗುಂಡಿಯಲ್ಲಿ ಸಿಗ್ತದೆ?’ ಅಂದರು ಬಾಯಿ,
ಮೊಗ್ಗು ಕೊಯ್ಯುವ ಕೈ ನಿಲ್ಲಿಸದೆ.

ಗೋಣಿಯ ಮೇಲೆ ಹರಡಿ ನಾಲ್ಕು ಪಾಲು.
ಎದುರುಬದುರಿನ ಎರಡು ಚೆಲ್ಲಬೇಕು.
ಉಳಿದದ್ದನ್ನು ಕಲಸಿ ಮತ್ತೆ ನಾಲ್ಕು,
ಮತ್ತೆ ಎರಡು ಚೆಲ್ಲು,
ಅರ್ಧ ಕಿಲೋ ಆಗುವ ತನಕ.
ಬಂದರಿನಲ್ಲಿ ಅಮ್ಮ ಬಂಗುಡೆ ಪಾಲು ಹಾಕುವುದೂ
ಸುಮಾರು ಹೀಗೇ.
ಚೆಲ್ಲುವ ಪಾಠ ಮಾತ್ರ ಅವಳಿಗೆ ಯಾರೂ ಮಾಡಿಲ್ಲ.

ಮಾನ್ವಿಯ ಶರಣಬಸವ ಬಂದದ್ದು ರೈತರ ಕೋಟಾದಲ್ಲಿ,
ಅಪ್ಪನ ಪಹಣಿ ಹಿಡಿದು, ಬೀಜ ಗುರುತಿಸಿ.
ನನ್ನನ್ನು ಮೊದಲ ವರ್ಷ ಒಬ್ಬರು ಕೇಳಿದ್ದರು,
ಮೀನಿನವರ ಹುಡುಗಿಗೆ ಕೃಷಿ ಯಾಕೆ?
‘ಸೀಟು ಸಿಕ್ಕಿತು ಸಾರ್.’
ಕ್ಲಾಸಿಡೀ ನಕ್ಕಿತು. ನಾನೂ ನಕ್ಕೆ.

ಭಾನುವಾರ ಮನೆಗೆ ಹೋದಾಗ ಅಮ್ಮ ಅಂದಳು:
‘ನಮ್ಮದೂ ಒಂದು ಹಿಡಿ ಕೊಂಡುಹೋಗಿ ನೋಡಿಸು,
ಬಸಳೆ ಯಾಕೆ ಹಳದಿ ತಿರುಗ್ತದೆ ಅಂತ.’

ಐದು ಸೆಂಟ್ಸು. ಅದರಲ್ಲಿ ಮನೆ, ಬಾವಿ.
ಪುಸ್ತಕ ಹೇಳುತ್ತದೆ, ಬದುವಿನ ಹತ್ತಿರ ಬೇಡ;
ಬೇಲಿಯಿಂದ ಗೋಡೆಗೆ ಇಲ್ಲಿ ಏಳೇ ಹೆಜ್ಜೆ.
ಮರದ ನೆರಳು ಬೇಡ; ಎರಡು ತೆಂಗು.
ಓಡಾಡುವ ದಾರಿ ಬೇಡ;
ಕಡಲಿಗೆ ಹೋಗುವವರೆಲ್ಲ ಹೋಗುವುದು ಇಲ್ಲಿಂದಲೇ.
ಗೊಬ್ಬರ ಬಿದ್ದ ಜಾಗ ಬೇಡವೇ ಬೇಡ;
ಮೀನು ತೊಳೆದ ನೀರು ನಾನು ಹುಟ್ಟುವ ಮೊದಲಿಂದ
ಬಸಳೆಯ ಬುಡಕ್ಕೇ.

ಆದರೂ ಅಗೆದೆ.
ಹೊಯಿಗೆಯಲ್ಲಿ ವಿ ನಿಲ್ಲುವುದಿಲ್ಲ,
ಎರಡೂ ಬದಿ ಜಾರಿ ಮುಚ್ಚಿಕೊಳ್ಳುತ್ತದೆ.
ಕೈಯಲ್ಲೇ ತುಂಬಿದೆ. ಒಂದು ಮರುವಾಯಿ ಚಿಪ್ಪು,
ಉಗುರಿನಡಿ ಹೊಳೆಯುವ ಹುರುಪೆ.
ಈ ಸಲ ಏನೂ ಚೆಲ್ಲಲಿಲ್ಲ.

ಚೀಟಿ ಬರೆದೆ.
ರೈತರ ಹೆಸರು: ಬೇಬಿ ಕುಂದರ್.
ಬೆಳೆ: ಬಸಳೆ.
‘ಯಾರು ರೈತರು?’ ಅಂತ ಅಮ್ಮ ಬಗ್ಗಿ ನೋಡಿದಳು,
ಓದಿಸಿಕೊಂಡಳು, ಬುಟ್ಟಿ ತೊಳೆಯಲು ಎದ್ದಳು.

ನೆರಳಿನಲ್ಲೇ ಒಣಗಿಸಬೇಕು, ಬಿಸಿಲು ಕೂಡದು.
ಜಗಲಿಯಲ್ಲಿ ಪೇಪರು ಹಾಸಿ ಹರಡಿ ಮಲಗಿದೆ.
ಬೆಳಿಗ್ಗೆ ಬ್ರಹ್ಮಾವರದ ಲ್ಯಾಬಿಗೆ ಒಯ್ಯಲು ಎದ್ದರೆ
ಪಕ್ಕದ ಮನೆಯ ಬೆಕ್ಕು
ಅದನ್ನು ಕಾಯುತ್ತ ಕೂತಿತ್ತು.