ಆರು ಸೆಕೆಂಡು

ಮೂಗಿಗೆ ಕ್ಲಿಪ್ಪು, ಬಾಯಿಗೆ ರಟ್ಟಿನ ಕೊಳವೆ.
ಎಳೆದುಕೊಳ್ಳಿ, ಇನ್ನೂ, ಇನ್ನೂ, ಹೊಟ್ಟೆಯ ತಳದವರೆಗೆ,
ಈಗ ಬಿಡಿ. ಊದಿ ಊದಿ ಊದಿ ಊದಿ
ನಿಲ್ಲಿಸಬೇಡಿ, ಆರು ಸೆಕೆಂಡು.
ದಿನಕ್ಕೆ ಮೂವತ್ತು ಸಲ ಕೂಗುತ್ತೇನೆ.
ಚಿಕ್ಕಬಳ್ಳಾಪುರದ ಆಸ್ಪತ್ರೆಯ ಹನ್ನೊಂದನೇ ಕೋಣೆಯಲ್ಲಿ
ಬೇರೆಯವರ ಉಸಿರಿಗೆ ನನ್ನ ಗಂಟಲು ಕಟ್ಟಿದೆ.
ಹೊರಗೆ ಬೆಂಚಿನ ಮೇಲಿನವರು ನಗುತ್ತಾರೆ:
ಒಳಗೆ ಯಾರಿಗೋ ಹೆರಿಗೆ ಮಾಡಿಸ್ತಿದಾರೆ.

ಖಮರುನ್ನೀಸಾ ಬಂದದ್ದು ಒಂದು ಮಂಗಳವಾರ,
ಶಿಡ್ಲಘಟ್ಟದಿಂದ, ಮೊದಲ ಬಸ್ಸಿಗೆ.
ಬುರ್ಖಾದ ತೋಳಿಗೆ ರೇಷ್ಮೆಹುಳು ಬೆಂದ ವಾಸನೆ.
ವಯಸ್ಸು? "ನಲ್ವತ್ತೋ ಐವತ್ತೋ, ನೀವೇ ಹಾಕ್ಕೊಳ್ಳಿ."
ಯಂತ್ರ ಸುಮಾರನ್ನು ಒಪ್ಪುವುದಿಲ್ಲ.
ನಲವತ್ತಾರು ಅಂತ ಒತ್ತಿದೆ.
ಧೂಮಪಾನ? ಫಾರಮ್ಮಿನ ನಾಲ್ಕನೇ ಸಾಲು.
ಅರ್ಥವಾಗಲಿಲ್ಲ. ದಮ್ಮು ಹೊಡೀತೀರಾ ಅಕ್ಕಾ?
ನಕ್ಕಳು, ನಗು ಕೆಮ್ಮಾಯಿತು,
ಕೆಮ್ಮು ನಿಂತ ಮೇಲೆ ಹೇಳಿದಳು:
"ದಮ್ಮೇ ಇಲ್ಲ ಮೇಡಮ್, ಅದಕ್ಕೇ ಬಂದಿದೀನಿ."
'ಇಲ್ಲ' ಅನ್ನುವ ಚೌಕಕ್ಕೆ ಗುರುತು ಹಾಕಿದೆ.
ಮೂವತ್ತು ವರ್ಷದ ಬಾಂಡಲಿಯ ಹಬೆಗೆ,
ಒಲೆಗೆ ತುರುಕಿದ ಹಸಿ ಹುಣಸೆ ಸೌದೆಯ ಹೊಗೆಗೆ
ಚೌಕವಿರಲಿಲ್ಲ.

ಮೂರು ಸಲ ಊದಿದಳು.
ಪರದೆಯ ಮೇಲೆ ಗುಡ್ಡ ಏಳಬೇಕು, ನೇರ ಇಳಿಜಾರಿನದು.
ಎದ್ದದ್ದು ನಮ್ಮೂರ ಕ್ವಾರಿಯ ಗುಡ್ಡ,
ಒಂದು ಮಗ್ಗುಲು ಬಗೆದು ಒಯ್ದದ್ದು.
ನೂರಕ್ಕೆ ಐವತ್ತೆರಡು.
"ಪಾಸಾ?" ಅಂದಳು.
ಮೂವತ್ತೈದಕ್ಕೇ ಪಾಸು ಮಾಡುವ ಊರಲ್ಲಿ ಏನು ಹೇಳಲಿ.
ನೀಲಿ ಇನ್ಹೇಲರ್ ಬರೆದುಕೊಟ್ಟರು. ಹೋದಳು.

ಪ್ರಹ್ಲಾದ ಡಾಕ್ಟರು ಒಮ್ಮೆ ಮೊಸರನ್ನ ಕಲಸುತ್ತ ಹೇಳಿದ್ದರು:
ಈ ಅಂಕಿ ಇಳಿದವರ ಹೃದಯವನ್ನೂ ನೋಡಬೇಕಮ್ಮ.
ಶ್ವಾಸಕೋಶದ ಉರಿ ಅಲ್ಲೇ ಕೂರುವುದಿಲ್ಲ,
ರಕ್ತದ ಜೊತೆ ನಡೆದು ಪಕ್ಕದ ಮನೆ ಗೋಡೆಗೂ ಹತ್ತುತ್ತೆ.
ಬೀಡಿ ಮುಟ್ಟದವರಲ್ಲೂ ಕಂಡಿದ್ದೇನೆ.
ಯಾಕೆ ಅಂತ ಪೂರ್ತಿ ಗೊತ್ತಿಲ್ಲ.
ತಲೆಯಾಡಿಸಿದೆ, ಉಪ್ಪಿನಕಾಯಿ ಸರಿಸಿದೆ.
ನಮ್ಮಲ್ಲಿ ಉಸಿರಿನ ಕೋಣೆ ಹನ್ನೊಂದು, ಹೃದಯದ್ದು ನಾಲ್ಕು,
ನಡುವೆ ಬೀಗ ಹಾಕಿದ ಗ್ರಿಲ್ಲು.
ಎದೆಗೂಡಿನಲ್ಲಿ ಅವು
ಒಂದೇ ಕೌದಿಯೊಳಗೆ ಮೈಗೆ ಮೈ ತಾಗಿಸಿ ಮಲಗಿರುತ್ತವೆ.

ಹದಿನಾಲ್ಕು ತಿಂಗಳಾದ ಮೇಲೆ ಅವಳ ಹೆಸರು ಮತ್ತೆ ಕಂಡಿತು,
ನನ್ನ ಪಟ್ಟಿಯಲ್ಲಲ್ಲ.
ಮೆಟ್ಟಿಲು ಹತ್ತಿ ಎದೆ ಬಿಗಿದರೆ ನೀಲಿ ಡಬ್ಬಿ ಒತ್ತಿದ್ದಾಳೆ,
ಬಿಂದಿಗೆ ಎತ್ತಿ ಬಿಗಿದರೆ ಒತ್ತಿದ್ದಾಳೆ,
ಉಸಿರೇ ಇರಬೇಕು ಅಂದುಕೊಂಡು.
ನಾವೂ ಹಾಗೇ ಹೇಳಿ ಕಳಿಸಿದ್ದೆವು.
ಕೋಲಾರದಲ್ಲಿ ಬಣ್ಣ ಬಿಟ್ಟು ನೋಡಿದರೆ
ಎಡಗಡೆಯ ಧಮನಿಯೊಂದು
ಗೂಡಿನಿಂದ ಬಿಚ್ಚಿದ ಎಳೆಯಷ್ಟೇ ಉಳಿದಿತ್ತು.

ಡ್ಯೂಟಿ ಮುಗಿಸಿ ವಾರ್ಡಿಗೆ ಹೋದೆ.
ಸ್ಕೀಮಿನ ಹುಡುಗ ಅವಳ ಹೆಬ್ಬೆಟ್ಟನ್ನು ಒರೆಸಿ ಒರೆಸಿ ಒತ್ತಿಸುತ್ತಿದ್ದ.
ಯಂತ್ರಕ್ಕೆ ಗೆರೆ ಸಿಗುತ್ತಿಲ್ಲ,
ಕುದಿನೀರು ಎಂದೋ ತಿಂದುಹಾಕಿದೆ.
"ಒಳಗೆ ಸ್ಪ್ರಿಂಗು ಇಟ್ಟಿದಾರಂತೆ," ಅಂದಳು ನನ್ನ ನೋಡಿ.
ಆಮೇಲೆ, ತುಸು ತಡೆದು:
"ಎಳೆ ಕಡಿದರೆ ನಾನು ಕಣ್ಣುಮುಚ್ಚಿ ಹುಡುಕ್ತೀನಿ ಮೇಡಮ್,
ನೀರೊಳಗೆ, ಬೆರಳ ತುದೀಲಿ.
ಆದರೆ ಕಡಿಯೋಕೆ ಮುಂಚೆ
ಚರಕದ ಸದ್ದು ಬೇರೆ ಆಗತ್ತೆ.
ನಿಮಗೆ ಕೇಳಿಸಲಿಲ್ವಾ?"
ಬೈದದ್ದಲ್ಲ.
ಕಸುಬಿನವಳು ಕಸುಬಿನವಳನ್ನು ಕೇಳಿದ್ದು.

ಈಗ ಕೆಲವು ದಿನ
ನಾಲ್ಕನೇ ಸೆಕೆಂಡಿಗೆ ನನ್ನ ಕೂಗು ತಾನಾಗಿ ನಿಲ್ಲುತ್ತದೆ.
ಕೊಳವೆಯ ಹತ್ತಿರ ಕಿವಿ ಒಯ್ಯುತ್ತೇನೆ.
ಎದುರಿಗಿನವರು ಗಾಬರಿಯಾಗಿ ಊದುವುದನ್ನೇ ಬಿಡುತ್ತಾರೆ.
ಟೆಸ್ಟು ಕೆಡುತ್ತದೆ.
ತಪ್ಪಾಯ್ತು ಯಜಮಾನ್ರೇ, ಇನ್ನೊಂದು ಸಲ,
ಎಳೆದುಕೊಳ್ಳಿ.