ಸಿತ್ವಯ್ಯ

ಬರ್ಕೊ, ಸರಪಣಿ ದೊರೆ, ಬರ್ಕೊ.
ದುಬಾಸಿ ತಿರುಗಿಸಿ ಹೇಳೋವರ್ಗೂ ಕಾದು ಬರ್ಕೊ.
ಈ ದುರ್ಗ ಎಷ್ಟು ದಿನ ತಡಕಂತು ಅಂತ ತಾನೆ ನಿನ್ನ ಕೇಳ್ಕೆ?
ದಿನ ನಂಗೊತ್ತಿಲ್ಲ. ಗೆರೆ ಗೊತ್ತು.

ಅಗೋ ದೊಣೆ. ಬಗ್ಗಿ ನೋಡು, ಜಾರೀಯೆ.
ದಿನಾ ಬೈಗಿಗೆ ನೀರು ಎಲ್ಲಿಗೆ ನಿಲ್ತೋ
ಅಲ್ಲಿಗೆ ಬಂಡೆ ಮೇಲೊಂದು ಉಳಿಗೆರೆ.
ಎಣಿಸಿದ್ರೆ ಇಪ್ಪತ್ಮೂರು.
ಮೇಲಿನ ಎಂಟು ಸೊಟ್ಟ, ಪರಂಗಿಯೋನ ಕೈ.
ಒಂಬತ್ತರಿಂದ ಕೆಳಕ್ಕೆ ನನ್ನ ಗಂಡಂದು,
ಚರ್ಮಕ್ಕೆ ಹಾಕ್ದಂಗೆ, ನೇರ.

ಮಳವಳ್ಳಿ ಉರಿದ ವಾರ
ನಮ್ಮನ್ನ ಬೆಟ್ಟ ಹತ್ತಿಸಿದ್ರು.
ತಿತ್ತಿ ಹೊಲಿಯಾಕೆ, ಮದ್ದಿನ ಚೀಲ ಹೊಲಿಯಾಕೆ
ಸಿದ್ದಿಂಗ ಬೇಕು.
ಅವನು ಹೊಲಿದ ತಿತ್ತಿನಾಗೆ ಮುನ್ನೂರು ಜನ ಕುಡಿದ್ರು,
ಅವನು ಮಾತ್ರ ಕೈಬೊಗಸೆ ಒಡ್ಡಿ ನಿಲ್ಲಬೇಕು,
ಯಾರೋ ಮ್ಯಾಲಿಂದ ಹುಯ್ಯೋವರ್ಗೂ.

ಹಿರೋಡೆ ಪಾಳ್ಯದಿಂದ ಬಂದಿದ್ದ ಗೋಲಂದಾಜ,
ಕೆಂಪು ಮೋರೆ, ಎರಡು ಬೆರಳಿಲ್ಲ.
ಬತ್ತಲಮಿ ಅಂತಿದ್ವಿ, ಸರಿಯಾದ ಹೆಸರು ನಮ್ಮ ನಾಲಿಗೆಗೆ ಕೂರ್ಲಿಲ್ಲ.
ಅವನ ಮಾತೂ ನಮ್ಗೆ ಕೂರ್ಲಿಲ್ಲ,
ಒಂದು ಬಿಟ್ಟು.
ಒಂಬತ್ತನೇ ಬೈಗು, ನೀರು ಕೈಗೆಟುಕದಷ್ಟು ಇಳಿದಿತ್ತು.
ಹಗ್ಗ ತಂದು ಸಿದ್ದಿಂಗನ ಸೊಂಟಕ್ಕೆ ಬಿಗಿದ,
ಉಳಿ ಕೈಗಿಟ್ಟ,
ಇಳಿ ಅಂತ ಕೈ ಮಾಡಿ ಅಂದ:
ಸಿತ್ವಯ್ಯಾ.

ಅಯ್ಯ!
ದೊರೆ, ನಮ್ಮ ಏಳು ತಲೆಯಾಗೆ
ಯಾರನ್ನ ಯಾರು ಅಯ್ಯ ಅಂದಿದ್ರು?
ಹವಾಲ್ದಾರ ಉಗುಳಿದ. ಅವತ್ತು ರಾತ್ರಿ
ಒಬ್ರೂ ದೊಣೆ ನೀರು ಮುಟ್ಲಿಲ್ಲ.
ಮಾರನೆ ಮಧ್ಯಾಹ್ನಕ್ಕೆ ಬಂಡೆ ಕಾದು
ಅಂಬಲಿಯೂ ಗಂಟಲಲ್ಲಿ ಅಂಟಿದಾಗ
ಎಲ್ರೂ ಕುಡಿದ್ರು. ಹವಾಲ್ದಾರ ಎರಡು ಸಲ.

ಕೆಳಗೆ ನಿಮ್ಮ ಡೇರೆ, ಅಕ್ಕಿಮೂಟೆ, ಎತ್ತಿನ ಗಂಟೆ.
ಕೋಟೆಗೆ ನಿಮ್ಮ ಗುಂಡು ಬಡಿದದ್ದು ಆರೋ ಏಳೋ,
ಒಂದು ನನ್ನ ರಾಗಿಕಲ್ಲು ಒಡೀತು.
ಅದನ್ನೂ ಬರ್ಕೊ.
ರಾತ್ರಿ ಪಟ್ಟಣದ ದಿಕ್ಕಿಂದ ಗುಡುಗು,
ಮಳೆದಲ್ಲ.
ಇಪ್ಪತ್ಮೂರನೇ ರಾತ್ರಿ ಅದು ನಿಂತ್ಹೋಯ್ತು.
ರಾಜೇಖಾನ್ ಕಿಲ್ಲೇದಾರರು ಬೆಳಗಾಗೋವರ್ಗೂ ಕಿವಿಗೊಟ್ಟು ಕೂತಿದ್ದು
ಆಮೇಲೆ ರುಮಾಲು ಬಿಚ್ಚಿ
ಕೋಲಿಗೆ ಕಟ್ಟಿದ್ರು.

ಬತ್ತಲಮಿ ಕೈಗೆ ಹಗ್ಗ ಬಿತ್ತು.
ದಿಡ್ಡಿ ಬಾಗಿಲಲ್ಲಿ ನಿಂತು ಕಿಲ್ಲೇದಾರರ ಕಡೆ ತಿರುಗಿ ಸಿತ್ವಯ್ಯಾ ಅಂದ,
ನನ್ನ ಗಂಡನ ಕಡೆ ತಿರುಗಿ ಅದನ್ನೇ ಅಂದ,
ಕಟ್ಟಿದ ನಿಮ್ಮ ಸಿಪಾಯಿಗೂ ಅದನ್ನೇ.
ಸಿಪಾಯಿ ಬಂದೂಕದ ಹಿಡಿಯಾಗೆ ಬಾಯಿಗೆ ಇಕ್ಕಿದ.
ಆಗ ತಿಳೀತು, ಅದು ನಮ್ಗೇ ಅಂತ ಕೊಟ್ಟ ಹೆಸರಲ್ಲ.
ಮನಸ್ಸು ಒಸಿ ಮುದುಡ್ಕಂತು, ಸುಳ್ಳ್ಯಾಕೆ.
ಎಲ್ರಿಗೂ ಒಂದೇ ಆದ್ರೆ
ಅದೆಂಥಾ ಮರ್ವಾದೆ?

ಸಿದ್ದಿಂಗ ನಗ್ತಿದ್ದ. ಅದ್ಕೇ ಕಣೇ ಅಂದ.
ಮಳೆಗಾಲ ಕಳೆಯೋದ್ರೊಳಗೆ ಭೇದಿಯಾಗಿ ಹೋದ.

ದುಬಾಸಿ ನಗ್ತಾವ್ನೆ. ನಿನ್ನ ಲೆಕ್ಕಣಿಕೆ ನಿಂತದೆ.
ಈ ಮಾತು ನಿನ್ನ ಪಟದಾಗೆ ಬರೋದಿಲ್ಲ ಅಲ್ವಾ?
ಬ್ಯಾಡ ಬಿಡು.
ನನ್ನ ಮಗಳ ಮಗನಿಗೆ ಅದನ್ನೇ ಇಟ್ಟಿವ್ನಿ.
ಕೂಗಬೇಕಾದ್ರೆ ಊರ ಗೌಡ್ರೂ
ಕೊನೆಗೊಂದು ಅಯ್ಯ ಸೇರಿಸ್ಲೇಬೇಕು,
ಮುಖ ಆ ಕಡೆ ತಿರುಗಿಸ್ಕಂಡಾದ್ರೂ.

ಲೇ ಸಿತ್ವಯ್ಯ,
ದೊರೆ ಕುದುರೆ ಬಾಯಾರದೆ,
ದೊಣೆ ದಾರಿ ತೋರ್ಸು ಬಾ.